ಸಂಪಿಗೆಯ ಎಡಗಣ್ಣಿನ ಕೆಳಗೆ

ಕುದುರೆಯ ತಲೆಯೊಂದು ನಡುವೆ ಇರದಿದ್ದರೆ ಹೇಮಾಶ್ರೀ ಯಾವ ಗಂಡಸಿನ ಮುಖವನ್ನೂ ಅಷ್ಟು ಹತ್ತಿರದಿಂದ ನೋಡುವ ಹುಡುಗಿಯೇ ಅಲ್ಲ.

ಬಿಕ್ಕೋಡಿನ ಎಸ್ಟೇಟೊಂದರ ಮದುವೆಯಲ್ಲಿ ಕುಣಿದು ಬರುವಾಗ ಸಂಪಿಗೆಯ ಎಡಗಣ್ಣಿಗೆ ಕಾಫಿ ಗಿಡದ ರೆಂಬೆ ತಾಗಿತ್ತು. ಸಂಪಿಗೆ ಅಂದರೆ ಗಂಡಸಿ ಊರಿನ ಇಂದ್ರೇಶನ ಬಿಳಿ ಕುದುರೆ. ತಮಟೆ ಏಟಿಗೆ ಸರಿಯಾಗಿ ಹೆಜ್ಜೆ ಹಾಕುವ, ಮುಂಗಾಲು ಮಡಿಸಿ ಮದುಮಗಳಿಗೆ ನಮಸ್ಕಾರ ಮಾಡುವ ಹೆಣ್ಣು ಕುದುರೆ. ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಅವನು ನೇರ ಹಳೇಬೀಡಿಗೆ, ದನದ ಡಾಕ್ಟರು ಷಡಕ್ಷರಪ್ಪನವರ ಕ್ಲಿನಿಕ್ಕಿಗೆ ಬಂದಿದ್ದ. ಡಾಕ್ಟರಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಓದು ಮುಗಿಸಿ ಅವರ ಕೈಕೆಳಗೆ ಸೇರಿದ್ದ ಹೇಮಾಶ್ರೀಯೇ ಔಷಧಿ ಹಾಕಬೇಕಾಯಿತು.

ಇಂದ್ರೇಶ ಕುದುರೆಯ ತಲೆಯನ್ನು ಎದೆಗೊತ್ತಿ ಹಿಡಿದಿದ್ದ. ಅವಳು ಡ್ರಾಪರ್ ಹಿಡಿದು ಬಗ್ಗಿದಳು.

"ಅಲ್ಲಾಡಬಾರದು."

"ಯಾರು ಡಾಕ್ಟ್ರೇ, ಅವಳೋ ನಾನೋ?"

ಅವಳು ಕುದುರೆಯ ರೆಪ್ಪೆ ಬಿಡಿಸಿ ಹನಿ ಹಾಕಿದಳು. ಅವನು ಉಸಿರು ಬಿಗಿಹಿಡಿದು ನಿಂತದ್ದು ಅವಳಿಗೆ ಗೊತ್ತಾಯಿತು.

ಗಾಯ ಒರೆಸಲು ಕೆನ್ನೆಯ ಮುತ್ತಿನ ಪಟ್ಟಿ ಬಿಚ್ಚಿದಾಗ ಅವಳ ಬೆರಳಿಗೆ ಏನೋ ಸಿಕ್ಕಿತು. ಕಣ್ಣಿನ ಸರಿ ಕೆಳಗೆ, ಕೂದಲು ದುಂಡಗೆ ಸುತ್ತಿಕೊಂಡ ಒಂದು ಪುಟ್ಟ ಸುಳಿ. ಅವಳು ತಲೆಯೆತ್ತಿದಳು. ಇಂದ್ರೇಶನ ಮುಖದಲ್ಲಿದ್ದ ನಗು ಆರಿತ್ತು.

"ಕಣ್ಣೀರು ಸುಳಿ," ಎಂದ ಮೆಲ್ಲಗೆ. "ಇದಿರೋ ಕುದುರೆ ಮನೆಗೆ ಅಳು ತತ್ತದೆ ಅಂತಾರೆ. ಮದುವೆ ಮನೆಯೋರಿಗೆ ಗೊತ್ತಾದ್ರೆ ಚಪ್ಪರದ ಹತ್ರಕ್ಕೂ ಬಿಟ್ಕಳಲ್ಲ. ಅದಕ್ಕೇ ಈ ಪಟ್ಟಿ. ಬುಕಿಂಗ್ ನೋಡ್ಕೊಳೋ ನಮ್ಮಣ್ಣಂಗೂ ಗೊತ್ತಿಲ್ಲ. ಯಾರಿಗೂ ಹೇಳ್ಬ್ಯಾಡಿ ಡಾಕ್ಟ್ರೇ."

"ಹೇಳಲ್ಲ."

"ಆಣೆ?"

ಅವಳು ಕುದುರೆಯ ಹಣೆಯ ಮೇಲೆ ಅಂಗೈ ಇಟ್ಟಳು. "ಇವಳಾಣೆ."

ಕಣ್ಣು ವಾಸಿಯಾದ ಮೇಲೂ ಇಂದ್ರೇಶ ಬರುತ್ತಲೇ ಇದ್ದ. ಒಮ್ಮೆ ಗೊರಸಿನ ನೆಪ, ಒಮ್ಮೆ ಜಂತುಹುಳದ ಔಷಧಿ. ಒಂದು ದಿನ ಬರಿಗೈಯಲ್ಲಿ, ಬೈಕಿನಲ್ಲಿ ಬಂದಿಳಿದ.

"ಸಂಪಿಗೆಗೆ ಏನಾಯ್ತು?" ಹೇಮಾಶ್ರೀ ಗಾಬರಿಯಾದಳು.

"ಏನೂ ಆಗಿಲ್ಲ. ಚೆನ್ನಾಗವ್ಳೆ ಅಂತ ಹೇಳಿ ಹೋಗಾಣ ಅಂತ ಬಂದೆ."

ಅವತ್ತು ಗೆಂಡೆಹಳ್ಳಿಯವರ ಜೋಡೆತ್ತಿಗೆ ಬೆಲೆ ಕಟ್ಟುವುದಿತ್ತು. ಪಾಲಾಗಲಿ, ವ್ಯಾಪಾರವಾಗಲಿ, ಷಡಕ್ಷರಪ್ಪನವರು ಹೇಳಿದ ಬೆಲೆಯನ್ನು ಆ ಕಡೆ ಯಾರೂ ಮೀರುತ್ತಿರಲಿಲ್ಲ. ಅವರು ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು "ಹೇಳಮ್ಮ" ಅನ್ನುವರು. ಹೇಮಾಶ್ರೀ ಪ್ರಾಣಿಯ ಸುತ್ತ ನಡೆಯುತ್ತ, ಹಲ್ಲು, ಗೊರಸು, ಬೆನ್ನು, ನಡಿಗೆ, ಎಲ್ಲಕ್ಕಿಂತ ಕೊನೆಗೆ ಸುಳಿ, ಹೀಗೆ ಒಂದೊಂದಾಗಿ ಬಾಯಲ್ಲಿ ಬಿಡಿಸಿಡುವಳು. ಅದನ್ನು ಕೇಳಿಯೇ ಅವರು ಬೆಲೆ ಹೇಳುವುದು. ಮನೆಗೆ ನೆಂಟರು ಬಂದರೆ ಅಡುಗೆಮನೆ ಸೇರುವ ಹುಡುಗಿ ಅಲ್ಲಿ ಮಾತ್ರ ಗಂಟಲು ಬಿಟ್ಟು ಮಾತಾಡುತ್ತಿದ್ದಳು.

ಗೋಡೆಗೊರಗಿ ನಿಂತು ಎಲ್ಲ ಕೇಳಿಸಿಕೊಂಡ ಇಂದ್ರೇಶ ಹೋಗುವಾಗ ಹೇಳಿದ: "ಒಂದ್ಸಲ ನನ್ನೂ ಹಿಂಗೇ ಹೇಳಿ ಡಾಕ್ಟ್ರೇ. ಎಷ್ಟು ಬೆಲೆ ಬತ್ತದೆ ನೋಡಾಣ."

ಅವಳ ಕಿವಿ ಕೆಂಪಾಯಿತು. ಎಲ್ಲಿಂದ ಬಂತೋ ಧೈರ್ಯ, "ಮೊದಲು ಹಲ್ಲು ತೋರಿಸಿ," ಎಂದಳು.

ಅವನು ನಿಜವಾಗಿಯೂ ತೋರಿಸಿದ. ಬಲಗಡೆಯ ಒಂದು ಹಲ್ಲು ತುದಿ ಮುರಿದಿತ್ತು. ಅವಳು ಆ ನಗುವನ್ನು ಮನೆಯವರೆಗೂ ಹೊತ್ತುಕೊಂಡು ಹೋದಳು, ಬಸ್ಸಿನಲ್ಲಿ ಟಿಕೆಟ್ ಕೇಳುವುದನ್ನೂ ಮರೆತು.

ಮಳೆಗಾಲ ಕಳೆದು ಮದುವೆಗಳು ಶುರುವಾಗುವ ಹೊತ್ತಿಗೆ ಇಂದ್ರೇಶನ ಫೋನು ಬಂತು. ಅಣ್ಣ ಉದಯಕುಮಾರ ಅರಸೀಕೆರೆಯಲ್ಲಿ ಶಾಮಿಯಾನ ಅಂಗಡಿ ಹಾಕುತ್ತಾನಂತೆ, ಕುದುರೆಯಲ್ಲಿ ತನ್ನ ಪಾಲು ಕೇಳುತ್ತಿದ್ದಾನಂತೆ.

"ನಾಳೆ ಬೆಲೆ ಕಟ್ಟಿಸ್ಬೇಕು. ನೋಡಿ ಹೇಳೋದು ನೀವೇ ಅಲ್ವಾ?"

"ನಾನೇ."

"ಹಂಗಾದ್ರೆ ಸರಿ," ಎಂದ. ಅವನ ದನಿ ಹಗುರಾದದ್ದು ಅವಳಿಗೆ ಕೇಳಿಸಿತು.

ಆ ಹಗುರಕ್ಕೆ ಅವಳು ತನಗೆ ತೋಚಿದ ಅರ್ಥ ಕೊಟ್ಟುಕೊಂಡಳು. ಕುದುರೆ ಹೇಗೂ ಮಾರಾಟವಾಗುತ್ತದೆ. ಒಳ್ಳೆಯ ಬೆಲೆ ಬಂದರೆ ಅರ್ಧ ಪಾಲಿನಲ್ಲಿ ಇಂದ್ರೇಶ ಒಂದು ಮರಿ ಕೊಂಡು ಇಲ್ಲೇ ನಿಲ್ಲಬಹುದು. ಹೆಣ್ಣು ಕೇಳಲು ತನ್ನ ಅಪ್ಪನ ಎದುರು ತಲೆಯೆತ್ತಿ ಬಂದು ಕೂರಲೂಬಹುದು. ಅದಕ್ಕೆ ಬೇಕಾಗಿರುವುದು ತಾನು ಕೊಟ್ಟ ಮಾತು ಉಳಿಸಿಕೊಳ್ಳುವುದಷ್ಟೆ.

ಮರುದಿನ ಸಂಪಿಗೆ ಟೆಂಪೋದಿಂದ ಇಳಿದಾಗ ಹೇಮಾಶ್ರೀಯ ಕಣ್ಣು ಮೊದಲು ಹೋದದ್ದು ಅದರ ಎಡಗಡೆಗೆ. ಕೆನ್ನೆಯ ಮೇಲೆ ಮುತ್ತಿನ ಪಟ್ಟಿಯೇ ಇಲ್ಲ. ಮರೆತು ಬಂದಿದ್ದಾನೆ! ಅವಳು ಬೇಗ ಬೇಗ ಎಡಗಡೆಗೆ ಹೋಗಿ, ಮುದ್ದು ಮಾಡುವವಳ ಹಾಗೆ ಕುದುರೆಯ ಕೆನ್ನೆಗೆ ಅಂಗೈ ಒತ್ತಿ ನಿಂತಳು. ಉದಯಕುಮಾರ ಪಕ್ಕದಲ್ಲೇ ಇದ್ದ.

"ಹೇಳಮ್ಮ," ಎಂದರು ಡಾಕ್ಟರು.

"ವಯಸ್ಸು ಆರು. ಗೊರಸು ಗಟ್ಟಿ, ಸೀಳಿಲ್ಲ. ಕಿವಿಯ ತುದಿಗಳು ಒಂದಕ್ಕೊಂದು ತಾಕುತ್ತವೆ, ಒಳ್ಳೆಯ ತಳಿ. ಬೆನ್ನು ನೇರ. ನಡಿಗೆಯಲ್ಲಿ ಕುಂಟಿಲ್ಲ, ತಾಳ ತಪ್ಪುವುದಿಲ್ಲ. ಜನ ಕಂಡರೆ, ಪಟಾಕಿ ಕೇಳಿದರೆ ಬೆದರುವುದಿಲ್ಲ."

"ಸುಳಿ?"

ಅವಳ ಅಂಗೈ ಕೆಳಗೆ ಅದು ಬೆಚ್ಚಗಿತ್ತು.

"ಸುಮ್ನೆ ಕೇಳಲ್ಲಮ್ಮ. ನಾನು ಸುಳಿ ನಂಬಲ್ಲ, ಜನ ನಂಬ್ತಾರೆ. ನೋಡಿ ಹೇಳು."

ಅವಳು ಇಂದ್ರೇಶನನ್ನು ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ, ಹಗ್ಗ ಹಿಡಿದ ಬೆರಳು ಬಿಳುಪಾಗುವಷ್ಟು ಬಿಗಿಯಾಗಿ. ಇಡೀ ಮುಖವೇ ಒಂದು ಬೇಡಿಕೆಯಾಗಿತ್ತು. ಹೇಳಬೇಡಿ ಅನ್ನುತ್ತಿದ್ದಾನೆ ಎಂದುಕೊಂಡಳು.

"ಹಣೆ ಮೇಲೊಂದು, ಕುತ್ತಿಗೆ ಮೇಲೊಂದು. ಎರಡೂ ಒಳ್ಳೇವು. ಬೇರೆ ಇಲ್ಲ ಸಾರ್."

ಡಾಕ್ಟರು ಕಣ್ಣು ಮುಚ್ಚಿಕೊಂಡೇ ಬೆರಳು ಮಡಿಸಿ ಲೆಕ್ಕ ಹಾಕಿದರು. "ಎಂಟು ಲಕ್ಷ."

ಉದಯಕುಮಾರ ತಮ್ಮನ ಬೆನ್ನಿಗೆ ಗುದ್ದಿದ. "ಏನ್ಲಾ, ಬಾಯಿ ಬಿಟ್ಕೊಂಡ್ ನಿಂತೆ? ಬಂಗಾರ ಕಣ್ಲಾ ಇದು, ಬಂಗಾರ!" ಎನ್ನುತ್ತ ಫೋನು ಹಿಡಿದು ಹೊರಗೆ ಓಡಿದ.

ಇಂದ್ರೇಶ ನಗಲಿಲ್ಲ. ಸಂಪಿಗೆಯನ್ನು ತಿರುಗಿಸಿಕೊಂಡು, "ಬತ್ತೀನಿ ಡಾಕ್ಟ್ರೇ," ಎಂದ. ಅವಳ ಮುಖ ನೋಡದೆ ಹೇಳಿದ್ದು ಅದೇ ಮೊದಲು.

ಒಂದು ವಾರ ಸುದ್ದಿಯಿಲ್ಲ. ಆಮೇಲೆ ಒಂದು ಬೆಳಗ್ಗೆ ಇಂದ್ರೇಶನ ಫೋನು. "ಸಂಪಿಗೇನ ಮಾರಾಯ್ತು. ಸೊಲ್ಲಾಪುರಕ್ಕೆ ಹೊಂಟಿದೀವಿ. ಅರಸೀಕೆರೇಲಿ ನೀರು ಕುಡ್ಸೋಕೆ ಲಾರಿ ನಿಲ್ಸ್ತಾರೆ. ಬರೋಕಾದ್ರೆ ಬನ್ನಿ."

ತನ್ನನ್ನೂ ಸೇರಿಸಿಕೊಂಡು 'ಹೊಂಟಿದೀವಿ' ಅಂದದ್ದು ಯಾಕೆಂದು ಅರಸೀಕೆರೆ ಬಸ್ಸು ಜಾವಗಲ್ ದಾಟುವವರೆಗೂ ಅವಳಿಗೆ ಹೊಳೆಯಲಿಲ್ಲ. ಹೊಳೆದ ಮೇಲೆ ಕಿಟಕಿಯಾಚೆ ಕಾಣುತ್ತಿದ್ದ ತೆಂಗಿನ ಸಾಲುಗಳೆಲ್ಲ ಕಲಸಿಹೋದವು.

ಸ್ಟೇಷನ್ ರಸ್ತೆಯ ಹೊಂಗೆ ಮರದಡಿ ಲಾರಿ ನಿಂತಿತ್ತು. ಸಂಪಿಗೆ ಮೇಲಿಂದ ಅವಳನ್ನು ಗುರುತು ಹಿಡಿದು ಮೂಗರಳಿಸಿತು. ಬಕೆಟ್ ಹಿಡಿದಿದ್ದ ಇಂದ್ರೇಶ ಕೆಳಗಿಳಿದ.

"ನೀವೂ ಹೋಗ್ತಿದೀರಾ?"

"ನಾನಿಲ್ದೆ ಅವಳು ಹುಲ್ಲೂ ಮುಟ್ಟಲ್ಲ. ಅಲ್ಲಿ ಷೋ ನಡೆಸೋ ಕಂಪನಿಯೋರು ನನ್ನೂ ಸೇರಿಸ್ಕಂಡೇ ತಗಂಡವ್ರೆ." ಅವನು ಬಕೆಟ್ಟನ್ನು ನೆಲಕ್ಕಿಟ್ಟ. "ಯಾಕೆ ಹೇಳ್ಲಿಲ್ಲ ಡಾಕ್ಟ್ರೇ?"

"ಏನನ್ನ?"

"ಸುಳೀನ."

ಹೇಮಾಶ್ರೀಗೆ ಅರ್ಥವಾಗಲಿಲ್ಲ. "ನೀವೇ ಅಲ್ವಾ ಹೇಳಬೇಡಿ ಅಂದಿದ್ದು? ಆಣೆ ಹಾಕಿಸಿಕೊಂಡಿದ್ದು?"

"ಅದು ಮದುವೆ ಮನೆಯೋರಿಗೆ!" ಅವನ ದನಿ ಒಡೆಯಿತು. "ಡಾಕ್ಟ್ರು ಹೇಳಿದ ಬೆಲೇಲಿ ಅರ್ಧ ಕೊಟ್ರೆ ಕುದುರೆ ನಂದೇ, ಇಲ್ದಿದ್ರೆ ಅದೇ ಬೆಲೆಗೆ ಮಾರೋದು ಅಂತ ಅಣ್ಣಂಗೂ ನಂಗೂ ಮಾತಾಗಿತ್ತು. ಕಣ್ಣೀರು ಸುಳಿ ಅಂದಿದ್ರೆ ಮೂರು ಲಕ್ಷ ದಾಟ್ತಿರ್ಲಿಲ್ಲ. ಒಂದೂವರೆ ಹೊಂದಿಸಿ ಮಡಗಿದ್ದೆ. ಸುಳಿ ಮಾತು ನನ್ನ ಬಾಯಲ್ಲಿ ಬಂದ್ರೆ ಅಣ್ಣ, ತನ್ನ ಪಾಲು ಇಳಿಸೋಕೆ ಆಡೋ ನಾಟಕ ಅಂತಾನೆ. ನೀವು ಹೇಳ್ತೀರ ಅಂತಾನೇ ಪಟ್ಟಿ ಬಿಚ್ಕಂಡ್ ಬಂದೆ."

ಅವಳು ತನ್ನ ಬಲ ಅಂಗೈ ನೋಡಿಕೊಂಡಳು.

"ನಾನು ಈಗಲೇ ಹೋಗಿ ಹೇಳ್ತೀನಿ. ಡಾಕ್ಟರ ಹತ್ರ, ನಿಮ್ಮಣ್ಣನ ಹತ್ರ, ಸೊಲ್ಲಾಪುರದವರ ಹತ್ರ—"

"ಸೊಲ್ಲಾಪುರದೋರಿಗೆ ನಾನೇ ಹೇಳ್ದೆ. ನಕ್ಬಿಟ್ರು. ನಮಗೆ ಕುಣಿತ ಸಾಕು, ಸುಳಿ ಕಟ್ಕೊಂಡ್ ಏನು ಅಂದ್ರು. ಅಣ್ಣ ದುಡ್ಡು ತಗಂಡು ಅಂಗಡಿಗೆ ಹಾಕಾಯ್ತು." ಅವನು ಮರದ ಕಡೆ ತಿರುಗಿದ. "ನಾನು ಅಂದ್ಕಂಡೆ, ಡಾಕ್ಟ್ರಮ್ಮಂಗೆ ನಾನು ಇಲ್ಲಿರೋದೇ ಬ್ಯಾಡ ಅಂತ."

"ನಿಮ್ಮನ್ನ ಇಲ್ಲೇ ಇರಿಸ್ಕೊಳ್ಳೋಕೆ ಅಂತಲೇ ಹೇಳ್ಲಿಲ್ಲ ಕಣ್ರೀ."

ಅಷ್ಟು ನೇರ ಮಾತು ಅವಳ ಬಾಯಿಂದ ಎಂದೂ ಬಂದಿರಲಿಲ್ಲ. ಇಬ್ಬರೂ ಅದನ್ನು ಕೇಳಿಸಿಕೊಂಡು ನಿಂತರು. ದೂರದಲ್ಲಿ ರೈಲು ಕೂಗಿತು. ಡ್ರೈವರ್ ಟೀ ಲೋಟ ಇಟ್ಟು ಏಳುತ್ತಿದ್ದ.

"ಬಾ ಅನ್ನೋಕೆ ನಂಗೊಂದು ಸೂರಿಲ್ಲ," ಎಂದ ಇಂದ್ರೇಶ. "ಇಲ್ಲೇ ಉಳ್ಕಳಾಣ ಅಂದ್ರೆ ಇವಳನ್ನ ಒಬ್ಬಳೇ ಕಳ್ಸೋಕೆ ಮನಸ್ಸಿಲ್ಲ."

ಸಂಪಿಗೆಯನ್ನು ಹಾಗೆ ಕಳಿಸಿಬಿಡಬಲ್ಲವನಾಗಿದ್ದರೆ ತಾನು ಅವನ ದಾರಿ ಕಾಯುತ್ತಲೇ ಇರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ತಲೆಯೆತ್ತಿದಳು. ನಡುವೆ ಕುದುರೆಯ ತಲೆ ಇಲ್ಲದೆ, ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು.

"ಬಲಗಡೆ ಹಲ್ಲೊಂದು ಮುರಿದಿದೆ. ನಗುವಾಗ ಮಾತ್ರ ಕಾಣುತ್ತೆ. ಕೈಯಲ್ಲಿ ಹಗ್ಗ ಉಜ್ಜಿದ ಗಾಯ, ಹಳೇದು. ನಡಿಗೆ ನಿಧಾನ, ಕುದುರೆಗೆ ಹೊಂದಿಕೊಂಡು ನಡೆದು ರೂಢಿ. ಕಣ್ಣು..." ಅವಳು ತಡೆದಳು. "ಕಣ್ಣು ಒಳ್ಳೇದು. ದೋಷ ಒಂದಿದೆ. ಬೇಕಾದ್ದನ್ನ ಬಾಯಿಬಿಟ್ಟು ಕೇಳಲ್ಲ."

"ಆ ದೋಷ ನಿಮಗೂ ಐತೆ."

"ಹೌದು. ನನಗೂ ಇದೆ."

"ಬೆಲೆ?"

"ಬೆಲೆ ಹೇಳೋದು ಡಾಕ್ಟರು. ನಾನು ನೋಡಿದ್ದು ಹೇಳ್ತೀನಿ, ಅಷ್ಟೆ."

ಅವನು ನಕ್ಕ. ಮುರಿದ ಹಲ್ಲು ಕಾಣಿಸಿತು. ಲಾರಿ ಹೊರಟಾಗ ಸಂಪಿಗೆಯ ಬರಿಗೆನ್ನೆ ತಿರುವಿನವರೆಗೂ ಅವಳ ಕಡೆಗೇ ಇತ್ತು.

ಮರುದಿನ ಕ್ಲಿನಿಕ್ಕಿಗೆ ಯಾರದೋ ಹೋರಿ ಬಂತು. ಷಡಕ್ಷರಪ್ಪನವರು ಕುರ್ಚಿಗೊರಗಿ ಕಣ್ಣು ಮುಚ್ಚಿದರು. "ಹೇಳಮ್ಮ. ಹಲ್ಲು?"

"ಇವತ್ತು ಸುಳಿಯಿಂದ ಶುರು ಮಾಡ್ತೀನಿ ಸಾರ್."

"ಸುಳಿ ಕೊನೆಗಲ್ವೇನಮ್ಮ?"

ಹೇಮಾಶ್ರೀ ಹೋರಿಯ ಹಣೆಯ ಮೇಲೆ ಅಂಗೈ ಇಟ್ಟಳು, ಮತ್ತೆ ತೆಗೆದಳು.

"ಕೊನೆಗೆ ಅಂತ ಇಟ್ಕೊಂಡ್ರೆ ಹೇಳೋಕಾಗಲ್ಲ ಸಾರ್."