ಹಗ್ಗದ ತುದಿಯಲ್ಲಿ ಇಬ್ಬರು

ಗುಡ್ಡದ ಗುಹೆಯಿಂದ ಊರಿಗೆ ಬರುವ ನೀರು ನಿಂತಿತ್ತು. ಪೈಪಿನ ಕಸ ತೆಗೆಯಲು ಒಳಗೆ ಹೋದ ಪ್ಲಂಬರಮ್ಮ ಮೊನ್ನೆಯಿಂದ ಮರಳಿರಲಿಲ್ಲ. ಅವಳನ್ನು ಹುಡುಕಿ ತರಲು ಬೆಳಿಗ್ಗೆಯೇ ಮೂವರು ಹೊರಟರು: ಮುಂದೆ ಡಾಕ್ಟರು, ಹಿಂದೆ ಹಗ್ಗದ ಸುರುಳಿ ಹೊತ್ತ ಅಡುಗೆಯಣ್ಣ, ನಡುವೆ ಬಡಗಿ. ನೀನು ಬೇಡಮ್ಮ ಎಂದು ಬಡಗಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಹೋದವಳು ಅವಳ ಜೀವ. ಹೆಂಗಸರಿಬ್ಬರು ಒಬ್ಬರಿಗೊಬ್ಬರಾಗಿ ಬಾಳುತ್ತೇವೆಂದಾಗ ಎರಡೂ ಮನೆಯವರು ಕತ್ತು ಹಿಡಿದು ನೂಕಿದ್ದರು. ಒಳಗೆ ಬನ್ನಿ ಎಂದದ್ದು ಈ ಊರು ಮಾತ್ರ.

ಒಳ್ಳೆಯ ಬಾಳು ಬಾಳಬೇಕೆಂದು ನಾಲ್ಕಾರು ಮಂದಿ ಸೇರಿ ಕಟ್ಟಿದ ಊರದು. ಬಂದವರನ್ನು ಬೇಡ ಅನ್ನಬಾರದು ಎಂಬುದೊಂದೇ ಕಟ್ಟಳೆ. ಊಟದ ಮೇಜನ್ನು ಬಡಗಿ ಎಷ್ಟು ಸಲ ಉದ್ದ ಮಾಡಿದ್ದಳೋ. ಕೊನೆಗೆ ಗೋಡೆ ಒಡೆದು ಪಕ್ಕದ ಕೋಣೆಗೂ ಚಾಚಿದ್ದಳು. ಪ್ಲಂಬರಮ್ಮ ಮಾತ್ರ ಗೊಣಗುವವಳು. ತನ್ನ ಕಂಬಳಿ ಹೊಸಬರ ಪಾಲಾದಾಗಲೆಲ್ಲ ಬಡಗಿಯನ್ನು ಚೆನ್ನಾಗಿ ಝಾಡಿಸುತ್ತಿದ್ದಳು.

ಮರಗಳು ಮುಗಿದು ಬೋಳು ಬಂಡೆ ಶುರುವಾಯಿತು. ಹಕ್ಕಿಯ ಸದ್ದಿಲ್ಲ, ಗಾಳಿಯೂ ಇಲ್ಲ. ಗುಹೆಯ ಬಾಯಲ್ಲಿ ಅಡುಗೆಯಣ್ಣ ಹಗ್ಗ ಹಿಡಿದು ಕೂತ. ಉಳಿದಿಬ್ಬರು ತೆವಳಿದರು. ಒಳಗಿನ ಹೊಂಡದ ಅಂಚಿನಲ್ಲಿ ಡಾಕ್ಟರು ನಿಂತರು, ಬಡಗಿ ಇಳಿದಳು.

ಕೆಳಗೆ ಮುಟ್ಟಿ ಟಾರ್ಚು ಹಾಕಿದಳು.

ಇಬ್ಬರು ಪ್ಲಂಬರಮ್ಮಂದಿರಿದ್ದರು. ಅದೇ ಮುಖ, ಅದೇ ಹರಿದ ಅಂಗಿ, ಹುಬ್ಬಿನ ಮೇಲೆ ಅದೇ ಗಾಯ. ಇಬ್ಬರೂ ಕೈ ಚಾಚಿದರು.

ಅಂಚಿನಿಂದ ಡಾಕ್ಟರು ಬಗ್ಗಿ ನೋಡಿದರು. ಇಬ್ಬರನ್ನೂ ಕಟ್ಟಮ್ಮ, ಮಿಕ್ಕಿದ್ದು ಆಮೇಲೆ ನೋಡೋಣ ಎಂದರು. ಬಡಗಿ ಕಟ್ಟಿಯೂಬಿಟ್ಟಳು. ಒಬ್ಬರನ್ನು ಬಿಟ್ಟು ಬರುವುದು ಅವಳಿಗೆ ಅಭ್ಯಾಸವೇ ಇರಲಿಲ್ಲ.

ಡಾಕ್ಟರು ಬೆನ್ನು ಕೊಟ್ಟು ಎಳೆದರು. ಬಡಗಿ ಮೇಲೆ, ಅವಳ ಕೆಳಗೆ ಒಬ್ಬಳು, ತುದಿಯಲ್ಲಿ ಇನ್ನೊಬ್ಬಳು.

"ಮೇಜು ಇನ್ನೊಂದು ಚೂರು ಉದ್ದ ಮಾಡು," ತುದಿಯವಳು ಮೆಲ್ಲಗೆ ಅಂದಳು. "ನನ್ನ ಹಿಂದೆ ತುಂಬ ಜನ ಇದ್ದಾರೆ."

ಹಗ್ಗ ಒಮ್ಮೆಲೇ ಭಾರವಾಯಿತು. ಬಡಗಿ ಬಗ್ಗಿ ನೋಡಿದಳು. ತುದಿಯವಳ ಕಾಲಿಗೆ ಕೈಗಳು, ಆ ಕೈಗಳ ಕೆಳಗೆ ಮತ್ತೆ ಕೈಗಳು.

"ಲೇ," ನಡುವಿನವಳು ಹಲ್ಲು ಕಚ್ಚಿ ಅಂದಳು. "ಅವಳನ್ನ ಮನೆಗೆ ತಂದ್ರೆ ನಿನ್ನ ಕಾಲು ಮುರೀತೀನಿ. ನೀನು ನನ್ನ ಕಂಬಳಿ ಕೊಟ್ಟೆ, ನಾನು ಸಹಿಸ್ಕೊಂಡೆ. ನನ್ನನ್ನೇ ಕೊಟ್ಬಿಡ್ತೀಯಾ?"

ಬಡಗಿಗೆ ಅಳು ಉಕ್ಕಿ ಬಂತು. ಇಷ್ಟು ಚೆನ್ನಾಗಿ ಬೈಯುವವಳು ಲೋಕದಲ್ಲಿ ಒಬ್ಬಳೇ. ಸೊಂಟದ ಚೂರಿ ಹಿರಿದು, ತಲೆಕೆಳಗಾಗಿ ಬಾಗಿ, ಅವಳ ಕಾಲಡಿಯ ಹಗ್ಗ ಕೊಯ್ದಳು.

ಬಿದ್ದವಳು ಚೀರಲಿಲ್ಲ. ಕತ್ತಲೊಳಗಿಂದ ಬಡಗಿಯದೇ ದನಿ ಕೇಳಿಸಿತು, "ಬೇಡ ಅಂದುಬಿಟ್ಟೆಯಲ್ಲ."

ಹಿಂದಿರುಗಿ ನೋಡಿದ ಡಾಕ್ಟರಿಗೆ ಕಂಡದ್ದು ಚೂರಿ ಮಾತ್ರ. ಮೇಲೆ ಬಂದವರೆಲ್ಲ ಊರಿಗೆ ಮರಳಿದರು. ಬಡಗಿ ಹಗ್ಗ ಕೊಯ್ದು ಒಬ್ಬಳನ್ನು ಬೀಳಿಸಿದಳೆಂದು ಡಾಕ್ಟರು ಊಟದ ಮನೆಯಲ್ಲಿ ಎಲ್ಲರೆದುರು ಹೇಳಿದರು. ಬಡಗಿ ತಾನು ನೋಡಿದ್ದನ್ನೆಲ್ಲ ಹೇಳಿದಳು: ಕೈಗಳನ್ನು, ದನಿಯನ್ನು, ಕೆಳಗಿದ್ದವರನ್ನು. ಕೇಳಿದರೆ ಬಾಗಿಲು ಭದ್ರ ಮಾಡಿಕೊಳ್ಳುತ್ತಾರೆಂದು ಅವಳ ನಂಬಿಕೆ.

ಊರು ಕಟ್ಟಿದ ಅಜ್ಜಿ ಕಣ್ಣೊರೆಸಿಕೊಂಡಳು. "ಅಷ್ಟು ಜನಾನಾ? ಪಾಪ, ಯಾವ ಕಾಲದಿಂದ ಕತ್ತಲಲ್ಲಿದ್ದಾರೋ."

ಯಾರೂ ಬೈಯಲಿಲ್ಲ. ಹಗ್ಗ, ದೀಪ, ಬ್ರೆಡ್ಡು ಕಟ್ಟಿಕೊಂಡರು. ಬಡಗಿ ಬಾಗಿಲಿಗೆ ಅಡ್ಡ ನಿಂತು ಕೈಮುಗಿದಳು, ಕಾಲಿಗೂ ಬಿದ್ದಳು. ನಿನಗೆ ಸುಸ್ತಾಗಿದೆ, ಮಲಗಮ್ಮ ಎಂದು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎಲ್ಲರೂ ಸಾಲಾಗಿ ಗುಡ್ಡ ಹತ್ತಿದರು.

ಬಡಗಿ, ಪ್ಲಂಬರಮ್ಮ ಇಬ್ಬರೂ ಊರು ಬಿಟ್ಟು ಇಳಿಜಾರು ಹಿಡಿದರು. ಪ್ಲಂಬರಮ್ಮ ಕುಂಟುತ್ತಾ, ಚಪ್ಪಲಿ ಕಚ್ಚುತ್ತಿದೆ ಎಂದು ಬೈಯುತ್ತಾ ನಡೆದಳು. ಅವಳ ಕೈ ಬೆಚ್ಚಗಿತ್ತು. ಇವಳೊಬ್ಬಳನ್ನಾದರೂ ತಂದೆನಲ್ಲ ಎಂದುಕೊಂಡಳು ಬಡಗಿ.

ಹಿಂದೆ, ಗುಹೆಯ ಬಾಯಿಂದ ಅಡುಗೆಯಣ್ಣ ಕೂಗುವುದು ಕೇಳಿಸಿತು: "ಬನ್ನಿ, ಎಲ್ಲರೂ ಬನ್ನಿ. ಜಾಗ ಇದೆ."