ಅಮ್ಮನ ಮೈಮೇಲಿನ ನಾರು

"ಅಲ್ಲೇ ನಿಲ್ಲು. ಹೊಸಿಲು ದಾಟಬೇಡ."

ಬಾಗಿಲಿಗೆ ಅಡ್ಡ ನಿಂತ ಅತ್ತೆಯ ಮಾತಿಗೆ ಸೊಸೆ ಅಂಗಳದಲ್ಲೇ ನಿಂತಳು. ದಿನವಿಡೀ ಕಾರ್ಖಾನೆಯಲ್ಲಿ ಗೊಂಬೆಗಳ ಹೊಟ್ಟೆಗೆ ಪ್ಲಾಸ್ಟಿಕ್ ನಾರು ತುರುಕಿ ಬಂದವಳು. ತಲೆ, ರೆಪ್ಪೆ, ತೋಳುಗಳ ಮೇಲೆಲ್ಲ ಬಿಳಿ ಎಳೆಗಳು ಅಂಟಿದ್ದವು. ಒಳಗಿನಿಂದ ಗುಬ್ಬಿಯ ಉಸಿರು ಸುಯ್‌ಸುಯ್ ಎನ್ನುವುದು ಕೇಳುತ್ತಿತ್ತು. ಗುಬ್ಬಿ ಎಂದರೆ ಅವಳ ಏಳು ವರ್ಷದ ಮಗಳು. ಆದರೆ ಅಂಗಳದ ಮೂಲೆಯ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುವವರೆಗೆ ಅವಳು ಆ ಮಗುವಿಗೆ ತಾಯಿಯಲ್ಲ.

"ಇವತ್ತು ಎರಡು ಸಲ ಉಬ್ಬಸ ಬಂತು," ಅತ್ತೆ ಬಚ್ಚಲ ಬಾಗಿಲಾಚೆಯಿಂದ ಹೇಳಿದರು. "ನಿನ್ನೆ ನೀನು ತಲೆಗೆ ಕಟ್ಕೊಂಡಿದ್ದ ಬಟ್ಟೆ ಮಂಚದ ಮೇಲೆ ಬಿಟ್ಟಿದ್ದೆ. ಅಮ್ಮನ ವಾಸನೆ ಅಂತ ಮೂಗಿಗೆ ಹಿಡ್ಕೊಂಡು ಮಲಗಿದ್ಲು. ಹೆತ್ತೋಳೇ ಹೀಗೆ ಮಾಡಿದ್ರೆ ಯಾರಿಗೆ ಹೇಳೋದು?"

"ಕೆಲಸ ಬಿಟ್ಟುಬಿಡ್ತೀನಿ ಅತ್ತೆ."

"ಬಿಟ್ಟು? ಅವಳ ಔಷಧಿ ಬರೋದೇ ನಿನ್ನ ಕಾರ್ಖಾನೆ ಕೊಡೋ ಆಸ್ಪತ್ರೆ ಚೀಟಿಯಿಂದ. ನನ್ನ ಮಗ ಬದುಕಿದ್ದಿದ್ರೆ ಮಾತು ಬೇರೆ..."

ಅತ್ತೆಯ ನಾಲಿಗೆ ಹರಿತವಾದರೂ ಮಾತು ಸುಳ್ಳಲ್ಲ. ಅತ್ತ ದರಿ, ಇತ್ತ ಪುಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಚೂರುಗಳೂ ಉಸಿರಿನೊಳಗೆ ಹೋಗುತ್ತವೆ ಎಂದಿದ್ದರು ಡಾಕ್ಟರು. "ಇದೇ ಕಾರಣ ಅಂತ ಆಣೆ ಮಾಡಿ ಹೇಳೋಕಾಗಲ್ಲಮ್ಮ. ಆದ್ರೆ ಆ ನಾರು ಮಗು ಹತ್ತಿರ ಬರದ ಹಾಗೆ ನೋಡ್ಕೊಳ್ಳಿ." ಬೇರೆ ವಿಭಾಗ ಕೊಡಿ ಎಂದು ಮೇಸ್ತ್ರಿಯ ಮುಂದೆ ಕೈಮುಗಿದದ್ದೂ ಆಗಿತ್ತು. "ಗೊಂಬೆಗೆ ಕಣ್ಣು ಹೊಲಿಯೋ ಕಡೆಗೆ ಹಾಕ್ಲಾ? ಅಲ್ಲೂ ಇದೇ ಗಾಳಿ ಕಣಮ್ಮ," ಎಂದು ಅವನು ನಕ್ಕಿದ್ದ. ನಗದೆ ಅವನಾದರೂ ಏನು ಮಾಡಿಯಾನು, ಅವನ ಮೀಸೆಯೂ ನಾರು ಅಂಟಿ ಬೆಳ್ಳಗಾಗಿತ್ತು.

ಗುರುವಾರ ಸಂಜೆ ಅತ್ತೆ ಅಡುಗೆಮನೆಯಲ್ಲಿದ್ದರು. ತಾಯಿ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಗುಬ್ಬಿ ಓಡಿಬಂದು ಸೊಂಟ ತಬ್ಬಿ ಮುಖ ಹುದುಗಿಸಿಬಿಟ್ಟಳು.

"ಬಿಡು ಕಂದ, ದೂರ ಹೋಗು... ಅಜ್ಜಿ ಬೈತಾರೆ."

ಹಿಡಿತ ಸಡಿಲವಾಗಲಿಲ್ಲ. ಮಗು ಅಳುತ್ತಲೂ ಇರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಪುಟ್ಟ ಬೆನ್ನು ಒಂದಿಷ್ಟೂ ಅಲುಗುತ್ತಿರಲಿಲ್ಲ. ತಾಯಿಗೆ ಜೀವವೇ ಹಾರಿಹೋದಂತಾಯಿತು. ಅಷ್ಟರಲ್ಲಿ ಗುಬ್ಬಿ ತಾನಾಗಿಯೇ ಕೈಬಿಟ್ಟು, ಬಾಗಿಲವರೆಗೆ ಓಡಿ, ಕೆಂಪೇರಿದ ಮುಖದಲ್ಲಿ ಬಾಯಿ ತೆರೆದು ಗಾಳಿ ಎಳೆದುಕೊಂಡಳು.

"ಉಸಿರೇ ತಗೊಂಡಿಲ್ಲಮ್ಮ," ಏದುಸಿರಿನ ನಡುವೆ ಹೇಳಿದಳು. "ಹನ್ನೆರಡರವರೆಗೂ ಎಣಿಸ್ದೆ. ದಿನಾ ಶಾಲೇಲಿ ಅಭ್ಯಾಸ ಮಾಡ್ತಿದ್ದೀನಿ... ನಿನ್ನ ತಬ್ಕೊಳ್ಳೋಕೆ ಇಪ್ಪತ್ತು ಬಂದ್ರೆ ಸಾಕಲ್ವಾ?"

ಸದ್ದು ಕೇಳಿ ಬಂದ ಅತ್ತೆ ಬೈಯಲಿಲ್ಲ. ಇನ್ಹೇಲರ್ ತಂದು ಮೊಮ್ಮಗಳ ಬಾಯಿಗಿಟ್ಟರು. ತಾಯಿ ಅಂಗಳದ ಈ ತುದಿಯಲ್ಲೇ ನಿಂತಿದ್ದಳು. ಹತ್ತಿರ ಹೋಗುವಂತಿರಲಿಲ್ಲ.

"ಇಪ್ಪತ್ತು ಬೇಡ ಕಂದ," ಎಂದಳು. "ಹತ್ತು ಸಾಕು."