ಮಿಸ್ ವರ್ನಾಳ ಕೌದಿ

ಮಾರ್ಚ್ ನಾಲ್ಕರ ಬೆಳಿಗ್ಗೆ, ಅಲಬಾಮಾದ ಆ ಪುಟ್ಟ ಊರಿನ ಶಾಲೆಯಿಂದ ಠಾಣೆಗೆ ದೂರು ಬಂತು. ಎರಡನೇ ತರಗತಿಯ ಕೋಲ್ಬಿಯ ಬೆನ್ನ ಮೇಲೆ ಬಾಸುಂಡೆಗಳಿವೆ, ಹೊಡೆದವರು ಯಾರೆಂದು ಹುಡುಗ ಬಾಯಿ ಬಿಡುತ್ತಿಲ್ಲ. ದೂರು ದಾಖಲಿಸಿಕೊಂಡ ಇನ್‌ಸ್ಪೆಕ್ಟರ್ ವೆಂಡೆಲ್ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ತಾಯಿಯಿಲ್ಲದ ಮನೆ, ಅಪ್ಪ ಡ್ವೈಟ್ ಮಹಾ ಕುಡುಕ. ಇನ್ನುಳಿದವಳು ಡ್ವೈಟನ ತಾಯಿ, ಊರವರೆಲ್ಲ ಮಿಸ್ ವರ್ನಾ ಎಂದೇ ಕರೆಯುವ ಅಜ್ಜಿ, ಚಿಕ್ಕಂದಿನಲ್ಲಿ ವೆಂಡೆಲನಿಗೂ ಚರ್ಚಿನಲ್ಲಿ ಪಾಠ ಹೇಳಿದವಳು. ಡ್ವೈಟನನ್ನು ಒಳಗೆ ಹಾಕಿ ಹುಡುಗನನ್ನು ಅವಳ ಕೈಗೊಪ್ಪಿಸುವುದೆಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ.

ಹುಡುಗನನ್ನು ಮಕ್ಕಳ ಆಸರೆ ಕೇಂದ್ರಕ್ಕೆ ಕರೆತಂದರು. ಅಲ್ಲಿ ಮಕ್ಕಳನ್ನು ಮಾತಾಡಿಸುವವಳು ಅದಕ್ಕೆಂದೇ ತರಬೇತಾದ ಒಡೆಸ್ಸಾ ಒಬ್ಬಳೇ. ಪೊಲೀಸರು, ವಕೀಲರು ಪಕ್ಕದ ಕೋಣೆಯಲ್ಲಿ ಕೂತು ಪರದೆಯ ಮೇಲೆ ನೋಡಬೇಕು. ಮಗು ಕಂಡಕಂಡವರ ಮುಂದೆ ನೋವು ತೋಡಿಕೊಳ್ಳುವುದು ಬೇಡ, ಒಂದೇ ಸಲ ಹೇಳಲಿ, ಅದು ಚಿತ್ರೀಕರಣವಾಗಲಿ ಎಂಬ ಏರ್ಪಾಡು.

ಕೋಲ್ಬಿ ನಾಯಿಮರಿಯ ಬಗ್ಗೆ ಹೇಳಿದ, ಮೀನು ಹಿಡಿದದ್ದು ಹೇಳಿದ. ಬೆನ್ನಿನ ಮಾತು ಬಂದರೆ ನೆಲ ನೋಡಿದ. ವೆಂಡೆಲನಿಗೆ ತಾಳ್ಮೆ ಕೆಟ್ಟಿತು. ನಡುವೆ ಹೊರಬಂದ ಒಡೆಸ್ಸಾಳಿಗೆ, ಅಪ್ಪನಾ ಅಂತ ಒಂದು ಮಾತು ಕೇಳಿಬಿಡು ಎಂದ.

"ಹೆಸರು ಅವನ ಬಾಯಿಂದಲೇ ಬರಲಿ ಸರ್," ಎಂದು ಅವಳು ಒಳಹೋದಳು.

ಬಂದ ಮಕ್ಕಳಿಗೆಲ್ಲ ಅಲ್ಲಿ ಒಂದೊಂದು ಕೌದಿ ಕೊಡುತ್ತಾರೆ, ಚರ್ಚಿನ ಹೆಂಗಸರು ಹೊಲಿದದ್ದು. ಒಡೆಸ್ಸಾ ಕಪಾಟು ತೆರೆದದ್ದೇ ಹುಡುಗ ನೀಲಿಯದೊಂದನ್ನು ಎಳೆದು ಮುಖಕ್ಕೊತ್ತಿಕೊಂಡ.

"ಇದು ನಮ್ಮಜ್ಜಿ ಹೊಲ್ದಿದ್ದು."

"ಹೌದಾ? ಅದರ ಬಗ್ಗೆ ಹೇಳು."

"ಹೊಲಿಯೋವಾಗ ನಾನು ಗಲಾಟೆ ಮಾಡಬಾರ್ದು. ಮಾಡಿದ್ರೆ ಬೆಲ್ಟ್ ತಗೋತಾಳೆ. ಆಮೇಲೆ ಅವಳೇ ಅಳ್ತಾಳೆ, ಇಂಥದ್ದೇ ಹೊದಿಸ್ತಾಳೆ."

ಪರದೆಯ ಮುಂದೆ ಕೂತಿದ್ದ ವೆಂಡೆಲ್ ತನ್ನ ಟಿಪ್ಪಣಿಯಲ್ಲಿ ಡ್ವೈಟನ ಹೆಸರನ್ನು ಹೊಡೆದುಹಾಕಿದ. ತನ್ನ ತೀರ್ಮಾನ ನಡೆದಿದ್ದರೆ ಹುಡುಗ ಇವತ್ತು ಯಾರ ಕೈ ಸೇರುತ್ತಿದ್ದ ಎಂದು ನೆನೆದು ತನಗೆ ತಾನೇ ಹೇಸಿಕೊಂಡ.

ಮಧ್ಯಾಹ್ನ ಮಿಸ್ ವರ್ನಾಳ ಮೇಲೆ ವಾರಂಟ್ ಬಂತು. ಬೆಲ್ಟನ್ನು ಮಹಜರು ಮಾಡಿ ವಶಪಡಿಸಿಕೊಂಡರು. ಮಿಸ್ ವರ್ನಾ ಒಲೆ ಆರಿಸಿ, ಕೈ ಒರೆಸಿಕೊಂಡು ಅವರ ಜೊತೆ ಹೊರಟಳು.

"ಡ್ವೈಟನಿಗೆ ಒಂದೇಟೂ ಹಾಕಿರಲಿಲ್ಲ ಕಣೋ ವೆಂಡೆಲ್. ಹೇಗಾದ ನೋಡು. ಇವನಾದ್ರೂ ಹಾಗಾಗಬಾರ್ದು ಅಂತ," ಎಂದಳು.

ಡ್ವೈಟ್ ಮಗನನ್ನು ಸಾಕುವ ಸ್ಥಿತಿಯಲ್ಲಿರಲಿಲ್ಲ. ಹುಡುಗನನ್ನು ಮಕ್ಕಳನ್ನು ಸಾಕಿಕೊಳ್ಳುವ, ಗುರುತು ಪರಿಚಯವಿಲ್ಲದ ಮನೆಯೊಂದಕ್ಕೆ ಕಳಿಸಲು ಸಂಜೆ ಆದೇಶವಾಯಿತು. ಬೇರೆ ಕೌದಿ ಕೊಡುತ್ತೇವೆಂದರೂ ಹುಡುಗ ಕೇಳಲಿಲ್ಲ, ಅಜ್ಜಿ ಹೊಲಿದ ನೀಲಿಯದನ್ನೇ ಹೊದ್ದು ಕಾರು ಹತ್ತಿದ.

"ನಾನು ಹೇಳ್ದೆ ಅಂತ ಅಜ್ಜಿಗೆ ಹೇಳ್ಬೇಡಿ," ಎಂದ ಕಾರಿನೊಳಗಿಂದ.

ಕೇಂದ್ರದಲ್ಲಿ ಚಿತ್ರೀಕರಿಸಿದ ಅವನ ಹೇಳಿಕೆಯನ್ನು ಕೋರ್ಟಿನಲ್ಲಿ ಅಜ್ಜಿಯೆದುರೇ ತೋರಿಸುವವರಿದ್ದರು. ವೆಂಡೆಲ್ ಹೊರಗೆ ಇಳಿಬಿದ್ದಿದ್ದ ಕೌದಿಯ ಅಂಚನ್ನು ಒಳಗೆ ಸೇರಿಸಿ ಬಾಗಿಲು ಹಾಕಿದ.